ರಾತ್ರಿ ಹನ್ನೊಂದಾದರೂ ಆರದ ಸ್ಲ್ಯಾಬು

ಪ್ರಶ್ನೆ: ಕಲಬುರಗಿಯಲ್ಲಿ 30×40 ಅಡಿ ನಿವೇಶನದಲ್ಲಿ ನಮ್ಮ ಎರಡು ಅಂತಸ್ತಿನ ಮನೆಯಿದೆ. ಮೇಲಂತಸ್ತಿನ ಮಲಗುವ ಕೋಣೆಗಳೆರಡೂ ಏಪ್ರಿಲ್–ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ತಣ್ಣಗಾಗುವುದಿಲ್ಲ. ಫ್ಯಾನು ಹಾಕಿದರೆ ಬಿಸಿಗಾಳಿಯೇ ಮೈಮೇಲೆ ಇಳಿಯುತ್ತದೆ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ಶಹಾಬಾದ್ ಕಲ್ಲು ಹಾಸಿದ್ದೇವೆ. ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿಯಿದೆ. ಗುತ್ತಿಗೆದಾರರೊಬ್ಬರು ಥರ್ಮೊಕೋಲ್ ಇಟ್ಟು ಫಾಲ್ಸ್ ಸೀಲಿಂಗ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಮೇಲೆ ಬಿಳಿ ಬಣ್ಣ ಬಳಿದರೆ ಸಾಕು ಎನ್ನುತ್ತಾರೆ, ಪಕ್ಕದ ಮನೆಯವರು ತಗಡಿನ ಶೀಟು ಹಾಕಿಸಿದ್ದಾರೆ. ಹಳ್ಳಿಯಲ್ಲಿ ನಮ್ಮ ಅಜ್ಜನ ಮಾಳಿಗೆ ಮನೆ ಎಂಥ ಬೇಸಿಗೆಯಲ್ಲೂ ತಂಪಾಗಿರುತ್ತಿತ್ತು. ಎಪ್ಪತ್ತು ದಾಟಿದ ನನ್ನ ತಾಯಿ ಮೇಲಿನ ಕೋಣೆಯಲ್ಲೇ ಮಲಗುತ್ತಾರೆ. ಎಲ್ಲವನ್ನೂ ಒಮ್ಮೆಗೇ ಮಾಡಿಸುವಷ್ಟು ಹಣವಿಲ್ಲ. ಮೊದಲು ಯಾವುದನ್ನು ಮಾಡಿಸಬೇಕು?

ಉತ್ತರ: ಕಟ್ಟಡದ ಕೆಲಸ ಇವತ್ತು ಹೇಳಿ ನಾಳೆ ಮುಗಿಯುವುದಲ್ಲ. ಆದ್ದರಿಂದ ಮೊದಲು ತಮ್ಮ ತಾಯಿಯವರ ಹಾಸಿಗೆಯನ್ನು ಈ ಬೇಸಿಗೆಯ ಮಟ್ಟಿಗೆ ಕೆಳಗಿನ ಅಂತಸ್ತಿಗೆ ಇಳಿಸಿ. ಕೆಳಗಿನ ಕೋಣೆಗಳಿಗೆ ಮೇಲಿನ ಅಂತಸ್ತೇ ನೆರಳು. ವಯಸ್ಸಾದವರ ದೇಹವು ರಾತ್ರಿಯ ಸೆಕೆಯನ್ನು ನಾವು ತಿಳಿದುಕೊಂಡಷ್ಟು ಸುಲಭವಾಗಿ ತಾಳಿಕೊಳ್ಳುವುದಿಲ್ಲ. ಹಗಲಿನ ಕಾವಿಗಿಂತ, ನಿದ್ದೆಯ ಹೊತ್ತಿನಲ್ಲೂ ಮೈ ಆರದೆ ಉಳಿಯುವುದು ಅವರಿಗೆ ಹೆಚ್ಚು ಅಪಾಯಕರ.

ಇನ್ನು ಪ್ರಶ್ನೆಯ ವಿಷಯ. ತಮಗೆ ಬಂದಿರುವ ಮೂರು ಸಲಹೆಗಳಲ್ಲಿ ಎರಡು ಸ್ಲ್ಯಾಬಿನ ಮೇಲಿನವು, ಒಂದು ಸ್ಲ್ಯಾಬಿನ ಕೆಳಗಿನದು. ನನ್ನ ಅಭಿಪ್ರಾಯದಲ್ಲಿ ತಮ್ಮ ಮನೆಯ ಮಟ್ಟಿಗೆ ಮುಖ್ಯವಾದ ವ್ಯತ್ಯಾಸ ಇದೊಂದೇ. ಬಿಸಿಲು ಕಾಂಕ್ರೀಟಿನೊಳಗೆ ಇಳಿಯುವ ಮೊದಲೇ ಅದನ್ನು ತಡೆಯಬೇಕು. ಇಳಿದ ಮೇಲೆ ತಡೆಯುವುದು ಕಷ್ಟ ಮತ್ತು ದುಬಾರಿ.

ಅಜ್ಜನ ಮಾಳಿಗೆ ಮನೆಯನ್ನು ತಾವು ನೆನಪಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಉತ್ತರದ ಅರ್ಧ ಭಾಗ ಅಲ್ಲಿಯೇ ಇದೆ. ತೊಲೆ, ಜಂತಿಗಳ ಮೇಲೆ ಹಲಗೆ ಅಥವಾ ಕಲ್ಲು ಹಾಸಿ, ಅದರ ಮೇಲೆ ಒಂದು ಅಡಿಗೂ ಮಿಕ್ಕಿ ಮಣ್ಣು ಹಾಕಿ ಬಡಿದು ಗಟ್ಟಿ ಮಾಡಿದ ಆ ಮಾಳಿಗೆಗಳಲ್ಲಿ, ಮಧ್ಯಾಹ್ನದ ಬಿಸಿಲಿನ ಕಾವು ಒಳಮೈ ತಲುಪಲು ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ತಲುಪುವಷ್ಟರಲ್ಲಿ ಅದರ ಬಲವೂ ಬಹುಪಾಲು ಉಡುಗಿರುತ್ತದೆ. ಉಳಿದಷ್ಟು ಕಾವು ಕೋಣೆಗೆ ಇಳಿಯುವ ನಡುರಾತ್ರಿಯ ಹೊತ್ತಿಗೆ ಮನೆಮಂದಿ ಅಂಗಳದಲ್ಲೋ ಕಟ್ಟೆಯ ಮೇಲೋ ಮಾಳಿಗೆಯ ಮೇಲೋ ಮಲಗಿರುತ್ತಿದ್ದರು. ಮನೆಯ ಮಣ್ಣು ಎಷ್ಟು ಮುಖ್ಯವೋ ಮನೆಯವರ ದಿನಚರಿಯೂ ಅಷ್ಟೇ ಮುಖ್ಯವಾಗಿತ್ತು ಎಂಬುದನ್ನು ಹಳೆಯ ಮನೆಗಳನ್ನು ಹೊಗಳುವಾಗ ನಾವು ಮರೆಯುತ್ತೇವೆ. ಐದು ಇಂಚಿನ ಸ್ಲ್ಯಾಬು ಇದಕ್ಕೆ ತದ್ವಿರುದ್ಧ. ಅದು ಕಾವನ್ನು ನಾಲ್ಕೈದು ಗಂಟೆ ಮಾತ್ರ ತಡಮಾಡುತ್ತದೆ. ಮಧ್ಯಾಹ್ನ ಒಂದೆರಡು ಗಂಟೆಯ ಬಿಸಿಲು ಸಂಜೆ ಆರರ ಸುಮಾರಿಗೆ, ಎಲ್ಲರೂ ಕೆಲಸದಿಂದ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಒಳಮೈಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ರಾತ್ರಿಯಿಡೀ ತಾನು ಕುಡಿದ ಕಾವನ್ನು ಕಕ್ಕುತ್ತ ಹೋಗುತ್ತದೆ. ಕಾವನ್ನು ತಡೆಯಲಾರದಷ್ಟು ತೆಳ್ಳಗೆ, ಆದರೆ ಕೂಡಿಡುವಷ್ಟು ದಪ್ಪ: ಕಲಬುರಗಿಯಂಥ ಊರಿಗೆ ಇದಕ್ಕಿಂತ ಒಗ್ಗದ ಸೂರನ್ನು ಬೇಕೆಂದು ಹುಡುಕಿದರೂ ಸಿಗಲಾರದು.

ಫ್ಯಾನಿನ ಗಾಳಿ ಬಿಸಿಯಾಗಿರುವುದಕ್ಕೂ ಇದೇ ಕಾರಣ. ಸೂರಿಗೆ ತಾಗಿ ನಿಂತ ಬಿಸಿ ಗಾಳಿಯನ್ನೇ ಅದು ಕೆಳಕ್ಕೆ ತಳ್ಳುತ್ತದೆ. ಜೊತೆಗೆ ಸೂರು ನೇರವಾಗಿಯೂ, ಕಾದ ಹೆಂಚಿನ ಮುಂದೆ ನಿಂತರೆ ಮುಖಕ್ಕೆ ಬಡಿಯುವ ಝಳದಂತೆ, ಮೈಮೇಲೆ ಕಾವನ್ನು ಬೀರುತ್ತಿರುತ್ತದೆ. ಆದ್ದರಿಂದ ಕೋಣೆಯ ಗಾಳಿ 32 ಡಿಗ್ರಿಯಿದ್ದರೂ ಸೂರು 40 ಡಿಗ್ರಿಯಿದ್ದರೆ ಮೈಗೆ ತಾಗುವ ಸೆಕೆ 32 ಡಿಗ್ರಿಯದಾಗಿರುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಬೇಸಿಗೆಯ ನಡುಹಗಲಿನಲ್ಲಿ ಒಂದು ಚದರ ಮೀಟರ್ ಚಾವಣಿಯ ಮೇಲೆ ಸುಮಾರು ಸಾವಿರ ವಾಟ್‌ನಷ್ಟು ಬಿಸಿಲು ಬೀಳುತ್ತದೆ. ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲಿರುವುದರಿಂದ, ಮೇ ಎರಡನೆಯ ವಾರದ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಹೀಗಾಗಿ ಕಡುಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ನೇರ ಬಿಸಿಲು ತಾಗುವುದೇ ಅಪರೂಪ. ಅದರ ಬಗ್ಗೆ ಚಿಂತೆ ಬೇಡ. ಶಿಕ್ಷೆಯೆಲ್ಲ ಚಾವಣಿಗೆ, ಅದರ ನಂತರ ಪಶ್ಚಿಮದ ಗೋಡೆಗೆ. ಬೂದುಬಣ್ಣದ ಶಹಾಬಾದ್ ಕಲ್ಲು ಬಿದ್ದ ಬಿಸಿಲಿನ ಮೂರನೆಯ ಎರಡು ಭಾಗದಷ್ಟನ್ನು ಹೀರಿಕೊಂಡು 60 ಡಿಗ್ರಿ ದಾಟಿ ಕಾಯುತ್ತದೆ. ನಮ್ಮ ಭಾಗದಲ್ಲಿ ಈ ಕಲ್ಲು ಅಗ್ಗ, ಗಟ್ಟಿ, ನೆಲಕ್ಕೆ ಹಾಸಿದರೆ ಪಾದಕ್ಕೆ ತಂಪು. ಆದರೆ ಬಿಸಿಲಿಗೆ ಒಡ್ಡಿದ ಚಾವಣಿಗೆ ಅದು ಹೇಳಿ ಮಾಡಿಸಿದ ಬಾಣಲೆ. ಸ್ಲ್ಯಾಬು, ಗಾರೆ, ಕಲ್ಲು ಮೂರೂ ಸೇರಿ ಕಾವಿಗೆ ಒಡ್ಡುವ ತಡೆ ತೀರ ಕಡಿಮೆ. ಹೊರಗಿನ ಮೈಗೂ ಒಳಗಿನ ಗಾಳಿಗೂ ಮೂವತ್ತು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸವಿರುವ ಹೊತ್ತಿನ ಲೆಕ್ಕ ಹಿಡಿದರೆ, 12×12 ಅಡಿಯ ಒಂದು ಕೋಣೆಗೆ ಸೂರಿನಿಂದಲೇ ಸಾವಿರ ವಾಟ್ ಆಸುಪಾಸಿನ ಕಾವು ಇಳಿಯುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಉರಿಸಿ ಸೂರಿಗೆ ಕಟ್ಟಿಟ್ಟಂತೆ ಎಂದು ತಿಳಿಯಿರಿ.

ಹಣ ಕಡಿಮೆಯಿದ್ದಾಗ ಮೊದಲ ಕೆಲಸ ಬಿಳಿ ಬಣ್ಣವೇ. ಎರಡನೆಯ ಗುತ್ತಿಗೆದಾರರು "ಸಾಕು" ಎಂದದ್ದು ಸ್ವಲ್ಪ ಹೆಚ್ಚಾಯಿತು, ಆದರೆ ದಿಕ್ಕು ಸರಿಯಿದೆ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಲೇಪನ ಬಿಸಿಲಿನ ಐದನೆಯ ನಾಲ್ಕು ಭಾಗದಷ್ಟನ್ನು ಮರಳಿ ಆಕಾಶಕ್ಕೆ ಕಳಿಸುತ್ತದೆ. ಧೂಳು ಕೂತ ಮೇಲಿನ ಇಳಿಕೆಯನ್ನೂ ಲೆಕ್ಕಕ್ಕೆ ಹಿಡಿದರೆ, ಚಾವಣಿಯಿಂದ ಇಳಿಯುವ ಕಾವು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿಯನ್ನು ಹೊರಡಿಸಿದ್ದು ಈ ಸರಳ ಗಣಿತವನ್ನು ನಂಬಿಯೇ. ಅಂಗಡಿಯಲ್ಲಿ ಕೂಲ್ ರೂಫ್ ಪೇಂಟ್ ಎಂದು ಸಿಗುವುದನ್ನು ಕೊಳ್ಳುವುದಾದರೆ, ಬಿಸಿಲು ಹಿಂದಿರುಗಿಸುವ ಸೂಚ್ಯಂಕ, ಅಂದರೆ ಎಸ್‌ಆರ್‌ಐ ಎಷ್ಟೆಂದು ಡಬ್ಬಿಯ ಮೇಲೆ ಅಥವಾ ಕಂಪನಿಯ ಹಾಳೆಯಲ್ಲಿ ನೋಡಿ. ನೂರರ ಹತ್ತಿರವೋ ಮೇಲೋ ಇದ್ದರೆ ಒಳ್ಳೆಯದು. "ಹತ್ತು ಡಿಗ್ರಿ ತಂಪು" ಎಂಬ ಬರಹವನ್ನು ನಂಬಿ ಕೊಳ್ಳಬೇಡಿ. ಆ ಹತ್ತು ಡಿಗ್ರಿ ಚಾವಣಿಯ ಹೊರಮೈಯದು. ಕೋಣೆಯ ಗಾಳಿ ಅಷ್ಟು ಇಳಿಯುವುದಿಲ್ಲ.

ಪೇಂಟು ಕೈಗೆಟುಕದಿದ್ದರೆ ಸುಣ್ಣವಿದೆ. ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಸ್ವಲ್ಪ ಬಿಳಿ ಸಿಮೆಂಟನ್ನೂ ಅಂಟನ್ನೂ ಬೆರೆಸಿ, ಒಂದರ ಮೇಲೊಂದರಂತೆ ಮೂರು ಕೈ ಬಳಿಯಬೇಕು. ಬಿಸಿಲಿನಲ್ಲಿ ಬಳಿದರೆ ಗಟ್ಟಿಯಾಗಿ ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಸಂಜೆ ಬಳಿಯುವುದು ಲೇಸು. ಕಲ್ಲಿನ ಸಂದುಗಳನ್ನು ಮೊದಲು ಉಜ್ಜಿ ಮುಚ್ಚಿಸಿ, ಮೈಯನ್ನು ತೊಳೆದು, ಒದ್ದೆ ಇರುವಾಗಲೇ ಮೊದಲ ಕೈ ಹೊಡೆಯಿರಿ. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಪ್ರತಿ ವರ್ಷವೂ ಬಳಿಯಬೇಕಾಗುತ್ತದೆ ಎಂಬುದು ಅದರ ದೋಷ. ಆದರೆ ಯುಗಾದಿಗೆ ಗೋಡೆಗಳಿಗೆ ಸುಣ್ಣ ಬಳಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅದೇ ಆಳು, ಅದೇ ಕುಂಚ ಇನ್ನೊಂದು ದಿನ ಮಾಳಿಗೆ ಹತ್ತಿದರೆ ಆಯಿತು. ಯಾವುದನ್ನು ಬಳಿದರೂ ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಧೂಳು ಗುಡಿಸಿ ಒರೆಸಿ. ನಮ್ಮ ಕಪ್ಪು ಮಣ್ಣಿನ ಸೀಮೆಯ ಧೂಳು ಒಂದೇ ಬೇಸಿಗೆಯಲ್ಲಿ ಬಿಳಿಯನ್ನು ಬೂದಿ ಮಾಡಬಲ್ಲದು.

ಚಾವಣಿಗೆ ಸಂಜೆ ನೀರು ಹೊಡೆಯುವ ಅಭ್ಯಾಸವೂ ಕೆಲವರಿಗಿದೆ. ಒಣಹವೆಯ ಊರಿನಲ್ಲಿ ಇದು ಖಂಡಿತ ಕೆಲಸ ಮಾಡುತ್ತದೆ: ಒಂದು ಲೀಟರ್ ನೀರು ಆರುವಾಗ ಒಂದು ಯೂನಿಟ್ ವಿದ್ಯುತ್ತಿನ ಮೂರನೆಯ ಎರಡು ಭಾಗಕ್ಕೆ ಸಮನಾದ ಕಾವನ್ನು ಹೊತ್ತೊಯ್ಯುತ್ತದೆ. ಆದರೆ ತಮ್ಮ ಚಾವಣಿ 900 ಚದರ ಅಡಿ ಎಂದಿಟ್ಟುಕೊಂಡರೂ, ದಿನವೊಂದಕ್ಕೆ ಕಲ್ಲು ಹೀರುವ ಕಾವನ್ನೆಲ್ಲ ನೀರಿನಿಂದಲೇ ಕಳೆಯಬೇಕೆಂದರೆ ಸುಮಾರು 500 ಲೀಟರ್ ಬೇಕಾಗುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಅಷ್ಟು ನೀರನ್ನು ಕಲ್ಲಿಗೆ ಸುರಿಯಿರಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಶಾಖನಿರೋಧಕ ಹೊದಿಕೆಯದು ಎರಡನೆಯ ಹಂತ. ನಿಜವಾದ ಖರ್ಚೂ ನಿಜವಾದ ಲಾಭವೂ ಇರುವುದು ಇಲ್ಲಿಯೇ. ಥರ್ಮೊಕೋಲ್ ಜಾತಿಯ ವಸ್ತುಗಳ ಗುಣವನ್ನು ಒಂದು ಹೋಲಿಕೆಯಿಂದ ಹೇಳಬಹುದು: ಎರಡು ಇಂಚು ಥರ್ಮೊಕೋಲ್ ಕಾವಿಗೆ ಒಡ್ಡುವ ತಡೆಯನ್ನು ಕಾಂಕ್ರೀಟಿನಿಂದ ಪಡೆಯಬೇಕಾದರೆ ಎರಡು ಮೀಟರಿಗಿಂತ ದಪ್ಪದ ಕಾಂಕ್ರೀಟು ಬೇಕು. ಆ ತಡೆ ಬರುವುದು ಪ್ಲಾಸ್ಟಿಕ್ಕಿನಿಂದಲ್ಲ, ಅದರ ಸಣ್ಣ ಸಣ್ಣ ಗೂಡುಗಳಲ್ಲಿ ಅಲುಗಾಡದೆ ನಿಂತ ಗಾಳಿಯಿಂದ. ಚಾವಣಿಯ ಮೇಲೆ ಹಾಕುವುದಕ್ಕೆ ಸಾಮಾನ್ಯ ಥರ್ಮೊಕೋಲ್ ಬೇಡ, ಅದು ಕ್ರಮೇಣ ನೀರು ಕುಡಿಯುತ್ತದೆ, ಒದ್ದೆಯಾದ ಹೊದಿಕೆ ಹೊದಿಕೆಯೇ ಅಲ್ಲ. ಎಕ್ಸ್‌ಪಿಎಸ್ ಎಂಬ, ಗೂಡುಗಳು ಬಿಗಿಯಾಗಿ ಮುಚ್ಚಿಕೊಂಡಿರುವ ಗಟ್ಟಿ ಹಲಗೆಗಳನ್ನು ಕೇಳಿ. ಘನ ಮೀಟರಿಗೆ 30ರಿಂದ 35 ಕಿಲೋ ಸಾಂದ್ರತೆಯದಾದರೆ ಮೇಲೆ ಓಡಾಡುವ ಭಾರವನ್ನು ತಾಳುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಚಾವಣಿಯಿಂದ ನೀರು ಹೊರಹೋಗುವ ತೂತುಗಳನ್ನು ಮುಚ್ಚಿ, ಒಂದಿಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಒಳಗೆ ಎಲ್ಲಿಯಾದರೂ ಹಸಿ ಕಾಣುತ್ತದೆಯೇ ನೋಡಬೇಕು. ಸೋರುವ ಸ್ಲ್ಯಾಬಿಗೆ ಹೊದಿಕೆ ಹಾಕುವುದೆಂದರೆ ಹುಣ್ಣಿನ ಮೇಲೆ ಅಂಗಿ ತೊಡಿಸಿದಂತೆ. ನಂತರ ನೀರುತಡೆ ಲೇಪನ, ಅದರ ಮೇಲೆ ಎಕ್ಸ್‌ಪಿಎಸ್ ಹಲಗೆ, ಅದರ ಮೇಲೆ ಒಂದು ಬಟ್ಟೆಯಂಥ ಪದರ, ಆಮೇಲೆ ನೀರು ಹರಿದುಹೋಗುವ ಇಳಿಜಾರಿನೊಂದಿಗೆ ತೆಳುವಾದ ಕಾಂಕ್ರೀಟು, ಕೊನೆಗೆ ಬಿಳಿ ಟೈಲಿನ ಚೂರುಗಳ ಚೈನಾ ಮೊಸಾಯಿಕ್. ಇಳಿಜಾರು ನೂರು ಅಡಿಗೆ ಒಂದಡಿಗಿಂತ ಕಡಿಮೆಯಿರಬಾರದು. ನೀರುತಡೆ ಪದರ ಹೊದಿಕೆಯ ಕೆಳಗೆ ಇರುವುದರಿಂದ ಬಿಸಿಲಿನ ಏರುಪೇರಿಗೆ ಸಿಕ್ಕಿ ಬಿರಿಯುವುದು ತಪ್ಪುತ್ತದೆ. ಸ್ಲ್ಯಾಬು ಕೂಡ ಹಗಲು ಹಿಗ್ಗಿ ರಾತ್ರಿ ಕುಗ್ಗುವುದು ಕಡಿಮೆಯಾಗಿ, ಪ್ಯಾರಪೆಟ್ ಗೋಡೆಯ ಬುಡದಲ್ಲಿ ಬಿರುಕು ಬಿಡುವ ನಮ್ಮೂರಿನ ಸಾರ್ವತ್ರಿಕ ಕಾಯಿಲೆ ಎಷ್ಟೋ ಹತೋಟಿಗೆ ಬರುತ್ತದೆ.

ದಪ್ಪ ಎಷ್ಟಿರಬೇಕೆಂಬ ವಿಷಯದಲ್ಲಿ ಮಾರುವವರ ಮಾತಿಗೆ ಮರುಳಾಗಬೇಡಿ. ತಮ್ಮ ಚಾವಣಿಯ ಯು-ಮೌಲ್ಯ, ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಲ್ಲಿ ಇಳಿಯುವ ಕಾವು, ಈಗ ಸುಮಾರು 3 ವಾಟ್. ಒಂದು ಇಂಚು ಎಕ್ಸ್‌ಪಿಎಸ್ ಹಾಕಿದರೆ ಅದು 0.85ಕ್ಕೆ ಇಳಿಯುತ್ತದೆ, ಎರಡು ಇಂಚಿಗೆ 0.5, ಮೂರು ಇಂಚಿಗೆ 0.35. ಮೊದಲ ಇಂಚು ಮುಕ್ಕಾಲು ಕೆಲಸ ಮಾಡಿ ಮುಗಿಸಿರುತ್ತದೆ ಎಂಬುದನ್ನು ಗಮನಿಸಿ. ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಮನೆಗಳಿಗಾಗಿ ಹೊರಡಿಸಿದ ಇಕೊ ನಿವಾಸ ಸಂಹಿತೆ ಚಾವಣಿಗೆ ವಿಧಿಸಿರುವ ಮಿತಿ 1.2, ಒಂದೇ ಇಂಚಿನಿಂದ ಆ ಮಿತಿಯೊಳಗೆ ಬಂದಾಯಿತು. ಎಸಿ ಇಡುವ ವಿಚಾರ ಇಲ್ಲದಿದ್ದರೆ ಒಂದೂವರೆ ಇಂಚಿಗಿಂತ ಹೆಚ್ಚಿಗೆ ಖರ್ಚು ಮಾಡಬೇಡಿ, ಉಳಿದ ಹಣ ಕಿಟಕಿಗೆ ಬೇಕು. ಮೇಲೆ ಬಿಳಿ ಮೈ, ಕೆಳಗೆ ಒಂದಿಂಚಿನ ಹೊದಿಕೆ ಎರಡೂ ಕೂಡಿದರೆ ಇಳಿಯುವ ಕಾವು ಈಗಿರುವುದರ ಏಳೆಂಟರಲ್ಲಿ ಒಂದು ಪಾಲಿಗೆ ಬರುತ್ತದೆ.

ಅಜ್ಜನ ಮನೆಯಂತೆ ಸ್ಲ್ಯಾಬಿನ ಮೇಲೆ ಮಣ್ಣನ್ನೇ ಹಾಕಬಾರದೇಕೆ ಎಂದು ತಾವು ಕೇಳಬಹುದು. ನಾಲ್ಕು ಇಂಚು ಮಣ್ಣು ಒಣಗಿದ್ದಾಗಲೇ ಚದರ ಮೀಟರಿಗೆ 160 ಕಿಲೋ ತೂಗುತ್ತದೆ. ಓಡಾಟವಿರುವ ಚಾವಣಿಗೆ ಭಾರತೀಯ ಮಾನಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಅಂದರೆ ಮಣ್ಣಿನ ಒಂದು ಪದರ ಜನ ಹತ್ತುವ ಮೊದಲೇ ಆ ಪಾಲನ್ನು ತಿಂದುಬಿಡುತ್ತದೆ, ಮಳೆಗೆ ನೆನೆದರೆ ಇನ್ನೂ ಹೆಚ್ಚು. ಮಡಕೆಗಳನ್ನು ಕವುಚಿಟ್ಟು ಮೇಲೆ ಗಾರೆ ಹಾಕುವ ಉಪಾಯಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಎಂಜಿನಿಯರರಿಂದ ಸ್ಲ್ಯಾಬಿನ ಕಂಬಿ, ತೊಲೆಗಳ ಲೆಕ್ಕ ತೆಗೆಸದೆ ಅಂಥ ಭಾರ ಹೇರಬೇಡಿ. ಎಕ್ಸ್‌ಪಿಎಸ್ ಹಲಗೆಗಳ ತೂಕವೇನೋ ಚದರ ಮೀಟರಿಗೆ ಒಂದೆರಡು ಕಿಲೋ ಮಾತ್ರ. ಆದರೆ ಅದರ ಮೇಲಿನ ಕಾಂಕ್ರೀಟು, ಟೈಲುಗಳ ಭಾರವೇ ನೂರು ಕಿಲೋ ಆಗಬಹುದಾದ್ದರಿಂದ, ಆ ಕೆಲಸಕ್ಕೆ ಈಗಿರುವ ಶಹಾಬಾದ್ ಕಲ್ಲನ್ನು ಎಬ್ಬಿಸಿ ಕೆಳಗಿಳಿಸುವುದು ಒಳ್ಳೆಯದು. ಕಲ್ಲು ಅಂಗಳಕ್ಕೆ ಹಾಸಲು ಬಂದೇ ಬರುತ್ತದೆ.

ಫಾಲ್ಸ್ ಸೀಲಿಂಗ್ ಪೂರ್ತಿ ವ್ಯರ್ಥವೆಂದು ನಾನು ಹೇಳುವುದಿಲ್ಲ. ಸ್ಲ್ಯಾಬಿನ ಕೆಳಗೆ ಹೊದಿಕೆಯಿದ್ದರೆ ಕಾವು ಇಳಿಯುವುದು ಕಡಿಮೆಯಾಗುತ್ತದೆ. ಬಾಡಿಗೆ ಮನೆಯಲ್ಲಿರುವವರಿಗೆ, ಅಪಾರ್ಟ್‌ಮೆಂಟಿನ ಮೇಲಂತಸ್ತಿನಲ್ಲಿದ್ದು ಚಾವಣಿಯ ಮೇಲೆ ಅಧಿಕಾರವಿಲ್ಲದವರಿಗೆ ಅದೊಂದೇ ದಾರಿ. ಆದರೆ ಸ್ವಂತ ಚಾವಣಿ ಇರುವ ತಮಗೆ ಅದು ಮೊದಲ ಆಯ್ಕೆಯಾಗಬಾರದು. ಸ್ಲ್ಯಾಬು ಎಂದಿನಂತೆ ಕಾಯುತ್ತಲೇ ಇರುತ್ತದೆ, ಬಿರುಕೂ ಸೋರಿಕೆಯೂ ಮುಂದುವರಿಯುತ್ತವೆ, ಸೋರಿದರೂ ಸೀಲಿಂಗ್ ಕಲೆಗಟ್ಟುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಸೂರಿನ ಎತ್ತರ ತಗ್ಗಿ ಫ್ಯಾನು ತಲೆಯ ಹತ್ತಿರ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯುತ್ ತಂತಿಗಳು ಓಡಾಡುವ ಆ ಮುಚ್ಚಿದ ಸಂದಿಯಲ್ಲಿ ಬಯಲಾಗಿ ಇಟ್ಟ ಥರ್ಮೊಕೋಲ್, ಬೆಂಕಿ ತಗುಲಿದರೆ ಕರಗಿ ಕಪ್ಪು ಹೊಗೆ ಕಾರುತ್ತ ಉರಿಯುತ್ತದೆ. ಹಾಗೆ ಮಾಡಲೇಬೇಕಾದರೆ ಥರ್ಮೊಕೋಲಿನ ಬದಲು ಕಲ್ಲಿನ ಎಳೆಗಳಿಂದ ಮಾಡಿದ, ಬೆಂಕಿಗೆ ಜಗ್ಗದ ರಾಕ್‌ವೂಲ್ ಹಾಕಿಸಿ.

ನೆರೆಯವರ ತಗಡಿನ ಶೀಟಿನ ವಿಷಯ. ಶೀಟು ಕೊಡುವುದು ನೆರಳನ್ನು, ನೆರಳು ಯಾವ ಹೊದಿಕೆಗೂ ಕಡಿಮೆಯಲ್ಲ. ಆದರೆ ಶೀಟಿಗೂ ಚಾವಣಿಗೂ ನಡುವೆ ಗಾಳಿ ಧಾರಾಳವಾಗಿ ಹಾಯುತ್ತಿರಬೇಕು. ಆಳೆತ್ತರಕ್ಕಿಂತ ಮೇಲೆ, ನಾಲ್ಕೂ ಬದಿ ಬಯಲಾಗಿ, ಮೇಲ್ಮೈ ಬಿಳಿಯದಾಗಿದ್ದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಳೆಗಾಲಕ್ಕೋ ಸಾಮಾನು ತುಂಬಲಿಕ್ಕೋ ಬದಿಗಳನ್ನೂ ಶೀಟಿನಿಂದ ಮುಚ್ಚಿಸಿದವರನ್ನು ನಾನು ಬಹಳ ಕಂಡಿದ್ದೇನೆ. ಅವರು ಮನೆಯ ನೆತ್ತಿಯ ಮೇಲೆ ಒಂದು ಭಟ್ಟಿ ಕಟ್ಟಿಸಿಕೊಂಡಂತೆ. ಮೇ ತಿಂಗಳ ಬಿರುಗಾಳಿಗೆ ಶೀಟು ಹಾರದಂತೆ ಕಂಬಗಳನ್ನು ಭದ್ರ ಮಾಡುವ ಖರ್ಚೂ, ಪಾಲಿಕೆಯ ಅನುಮತಿಯೂ ಲೆಕ್ಕದಲ್ಲಿರಲಿ. ಸೌರಫಲಕ ಹಾಕಿಸುವ ಯೋಚನೆಯಿದ್ದರೆ ಶೀಟಿನ ಬದಲು ಅದೇ ನೆರಳಾಗಬಹುದು: ಮೂರು ಕಿಲೋವಾಟ್‌ನ ಫಲಕಗಳು ಸುಮಾರು 150ರಿಂದ 200 ಚದರ ಅಡಿಗೆ ನೆರಳು ಕೊಡುತ್ತವೆ, 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಅಷ್ಟಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಇನ್ನೂ ಅಗ್ಗವೆಂದರೆ ತೋಟಗಾರಿಕೆಯ ಶೇಡ್ ನೆಟ್, ಅಥವಾ ಕುಂಡದಿಂದ ಹಬ್ಬಿಸಿದ ಹೀರೆ, ತೊಂಡೆಯ ಚಪ್ಪರ. ತೊಗರಿ ಕಟ್ಟಿಗೆಯ ಚಪ್ಪರವನ್ನು ಮಾತ್ರ ಊರೊಳಗೆ, ಮನೆಗಳ ಒತ್ತಿನಲ್ಲಿ ಹಾಕಬೇಡಿ; ಒಂದು ಕಿಡಿ ಸಾಕು.

ಪಶ್ಚಿಮದ ಕಿಟಕಿಯನ್ನು ಮರೆತರೆ ಮೇಲೆ ಮಾಡಿದ ಕೆಲಸದ ಫಲ ಅರ್ಧವೇ ಸಿಕ್ಕೀತು. ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಕಿಟಕಿಯ ಮೇಲಿನ ಸಜ್ಜಾ ಅವನನ್ನು ತಡೆಯಲಾರದು. ಒಳಗಿನ ಪರದೆಯೂ ಹೆಚ್ಚು ಉಪಯೋಗಕ್ಕೆ ಬಾರದು: ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಆದರೆ ಕಾದ ಪರದೆ ಬೀರುವ ಕಾವನ್ನು ಹೊರಗೆ ಬಿಡುವುದಿಲ್ಲ. ಮರೆ ಹೊರಗಡೆಯೇ ಇರಬೇಕು: ಬಿದಿರಿನ ಚಿಕ್ಕು ಪರದೆ, ಮರದ ಜಾಲಂದರ, ಇಲ್ಲವೇ ಲಾವಂಚದ ತಟ್ಟಿ. ಲಾವಂಚಕ್ಕೆ ನೀರು ಚಿಮುಕಿಸಿದರೆ ಒಣಹವೆಯ ಕಲಬುರಗಿಯಲ್ಲಿ ಒಳಬರುವ ಗಾಳಿ ನಿಜಕ್ಕೂ ತಂಪಾಗುತ್ತದೆ. ಇದನ್ನೇ ಮಂಗಳೂರಿನಲ್ಲಿ ಮಾಡಿದರೆ ಬೆವರು ಹೆಚ್ಚುವುದಷ್ಟೇ ಲಾಭ. ಪಶ್ಚಿಮದ ಗೋಡೆಗೆ ಸದ್ಯಕ್ಕೆ ಬಿಳಿ ಬಣ್ಣ ಹೊಡೆಸಿ ಬಿಡಿ, ಹೆಚ್ಚಿನದು ಬೇಕಿಲ್ಲ.

ಒಂದು ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಹೊದಿಕೆ ಹಾಕಿದ ಮನೆ ಥರ್ಮಾಸ್ ಫ್ಲಾಸ್ಕ್ ಇದ್ದಂತೆ. ಒಳಗೆ ತಂಪಿದ್ದರೆ ತಂಪನ್ನು ಕಾಯುತ್ತದೆ, ಕಾವು ಸೇರಿಕೊಂಡರೆ ಕಾವನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟರ ಸುಮಾರಿಗೆ, ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗತೊಡಗಿದಾಗ, ಕಿಟಕಿಗಳನ್ನೆಲ್ಲ ಮುಚ್ಚಬೇಕು. ರಾತ್ರಿ ಹೊರಗೆ ತಂಪಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆದು ಬೆಳಗಿನವರೆಗೆ ಗಾಳಿ ಹಾಯಿಸಬೇಕು. ಹಗಲು ನಲವತ್ತು ದಾಟಿದರೂ ಬೆಳಗಿನ ಜಾವಕ್ಕೆ ಇಪ್ಪತ್ತೈದು ಇಪ್ಪತ್ತಾರಕ್ಕೆ ಇಳಿಯುವುದು ನಮ್ಮ ಭಾಗದ ಪುಣ್ಯ. ಕಳ್ಳರ, ಸೊಳ್ಳೆಯ ಭಯವಿದ್ದರೆ ಜಾಲರಿಗೂ ಸರಳಿಗೂ ಖರ್ಚು ಮಾಡಿ. ಆ ಹಣ ಎಸಿಗೆ ಹಾಕಿದ ಹಣಕ್ಕಿಂತ ಹೆಚ್ಚು ಕಾಲ ದುಡಿಯುತ್ತದೆ. ಏರ್ ಕೂಲರ್ ಇಟ್ಟುಕೊಂಡಿದ್ದರೆ ಮಾತ್ರ, ಅದು ಓಡುವಾಗ ಹಗಲಿನಲ್ಲೂ ಒಂದು ಕಿಟಕಿ ತುಸು ತೆರೆದಿರಲಿ, ಇಲ್ಲವಾದರೆ ಕೋಣೆ ಬರಿ ತೇವದಿಂದ ತುಂಬುತ್ತದೆ.

ಹಾಗಾಗಿ ಈ ವರ್ಷ ಸುಣ್ಣ ಅಥವಾ ಪೇಂಟು, ಪಶ್ಚಿಮದ ಕಿಟಕಿಗೆ ಹೊರಮರೆ, ಜಾಲರಿ. ಮುಂದೆ ಚಾವಣಿಯ ನೀರುತಡೆ ಕೆಲಸ ಹೇಗಿದ್ದರೂ ಮಾಡಿಸಬೇಕಾಗಿ ಬಂದಾಗ ಅದರೊಂದಿಗೇ ಎಕ್ಸ್‌ಪಿಎಸ್. ನನ್ನ ಮಾತನ್ನೂ ಪರೀಕ್ಷಿಸದೆ ನಂಬಬೇಡಿ. ಔಷಧದಂಗಡಿಗಳಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಅಲ್ಲ, ಯಂತ್ರಗಳ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಒಂದನ್ನು ಎಲೆಕ್ಟ್ರಿಕಲ್ ಅಂಗಡಿಯಿಂದ ತನ್ನಿ. ಎರಡು ಮಲಗುವ ಕೋಣೆಗಳಲ್ಲಿ ಒಂದರ ಮೇಲೆ ಮಾತ್ರ ಮೊದಲು ಬಿಳಿ ಬಳಿಸಿ, ಒಂದು ವಾರ ಸಂಜೆ ಆರಕ್ಕೂ ರಾತ್ರಿ ಹತ್ತಕ್ಕೂ ಎರಡೂ ಕೋಣೆಗಳ ಸೂರಿಗೆ ಹಿಡಿದು ಅಂಕಿಗಳನ್ನು ಬರೆದಿಡಿ. ವ್ಯತ್ಯಾಸ ಕಂಡರೆ ಇನ್ನೊಂದಕ್ಕೂ ಬಳಿಸಿ. ಹತ್ತರ ಹೊತ್ತಿಗೆ ಕೋಣೆಯ ಗಾಳಿ ಮೂವತ್ತರ ಒಳಗೆ ಇಳಿದು, ಸೂರಿನ ಅಂಕಿ ಅದಕ್ಕಿಂತ ಎರಡು ಡಿಗ್ರಿಗಿಂತ ಹೆಚ್ಚಿಲ್ಲದ ದಿನ, ತಾಯಿಯವರ ಹಾಸಿಗೆಯನ್ನು ಮತ್ತೆ ಮೇಲಕ್ಕೆ ಒಯ್ಯಬಹುದು.